ಅಲ್ಪವಿರಾಮದ ತರಗತಿ

ಆಗಸ್ಟ್ ೫, ಸೋಮವಾರ

ಇವತ್ತು ಒಂದು ಇಡೀ ತರಗತಿಯಲ್ಲಿ ಒಂದು ಸಾಲು ಓದಿದೆವು. ಒಂದು ಪುಟವಲ್ಲ, ಒಂದು ಪ್ಯಾರಾ ಅಲ್ಲ, ಒಂದು ಸಾಲು. ಆಯುಷ್ಯವೆಲ್ಲ ಕಬ್ಬಿಣವನ್ನು ಎಳೆದು, ಒತ್ತಿ, ತಿರುಚಿ, ಮುರಿದು ಅದರ ಗುಣ ತಿಳಿದವಳು ನಾನು. ಅಷ್ಟು ಹೊತ್ತಿಗೆ ನನ್ನ ಲ್ಯಾಬಿನಲ್ಲಿ ಒಂದು ಸೇತುವೆಯ ಉಕ್ಕಿನ ಹಣೆಬರಹವನ್ನೇ ಹೇಳಿಬಿಡಬಹುದು. ಇಲ್ಲಿ ಹಿಂದಿನ ಬೆಂಚಿನಲ್ಲಿ, ಮಕ್ಕಳ ವಯಸ್ಸಿನವರ ನಡುವೆ, ಮೊಣಕಾಲು ಎಲ್ಲಿ ಇಟ್ಟುಕೊಳ್ಳುವುದೆಂದು ತಿಳಿಯದೆ ಕೂತಿದ್ದೆ.

ಇದು ನಾನು ಕೇಳಿ ಪಡೆದ ಶಿಕ್ಷೆಯಲ್ಲ. ನಮ್ಮ ವಿಶ್ವವಿದ್ಯಾಲಯದಲ್ಲಿ ಒಂದು ಹಳೆಯ ನಿಯಮವಿದೆ. ಎಂಜಿನಿಯರಾಗಲಿ, ಔಷಧಿ ಅರೆಯುವವನಾಗಲಿ, ಪದವಿ ಬೇಕಿದ್ದರೆ ಮಾನವಿಕ ವಿಭಾಗದ ಒಂದು ವಿಷಯವನ್ನು ಕಡ್ಡಾಯವಾಗಿ ಓದಿ ಪಾಸಾಗಬೇಕು. ಡೀನ್‌ಗೆ ಈ ನಿಯಮವನ್ನು ಕಿತ್ತುಹಾಕುವ ಆಸೆ. ನನಗೂ ಅದೇ ಆಸೆ, ಅವರಿಗಿಂತ ಮೊದಲಿನಿಂದ. ಅದಕ್ಕೇ ನನ್ನನ್ನು ಸಮಿತಿಗೆ ಹಾಕಿದರು.

“ಕಿತ್ತು ಹಾಕೋದಂತೂ ಗ್ಯಾರಂಟಿ ಮೇಡಂ,” ಎಂದರು. “ಆದ್ರೆ ನಾಳೆ ಯಾರೂ ಬಾಯಿ ತೆಗೀಬಾರ್ದು ನೋಡಿ. ನೀವು ಒಂದಷ್ಟು ದಿನ ಆ ಕ್ಲಾಸಲ್ಲಿ ಕೂತ್ಕೊಂಡು ಬನ್ನಿ. ಕಣ್ಣಾರೆ ಕಂಡವರು ಬರೆದ ವರದಿ ಅಂದ್ರೆ ಅದರ ತೂಕಾನೇ ಬೇರೆ.”

ವರದಿ ಮುಗಿದರೆ ಹೊಸ ಕಟ್ಟಡದ ಇಡೀ ನೆಲಮಹಡಿ ನನ್ನ ಲ್ಯಾಬಿಗೆ. ಅದಕ್ಕಾಗಿ ಎರಡು ಸಾಲು ಬೇಕಾದರೂ ಓದಿಯೇನು.

ಆಗಸ್ಟ್ ೮, ಗುರುವಾರ

ಮೇಷ್ಟ್ರಿಗೆ ಹುಡುಗರು ಇಟ್ಟ ಹೆಸರು ಅಲ್ಪವಿರಾಮ. ಓದುವಾಗ ಎಲ್ಲಿ ಅಲ್ಪವಿರಾಮ ಕಂಡರೂ ನಿಲ್ಲುತ್ತಾರೆ, ನಿಂತವರು ಬೇಗ ಹೊರಡುವುದಿಲ್ಲ. ನಿವೃತ್ತಿ ಹತ್ತಿರ. ಕೋಟಿನ ಒಳಗೆ ಯಾರಾದರೂ ಇದ್ದಾರೋ ಇಲ್ಲವೋ ಎಂದು ಅನುಮಾನ ಬರುವಷ್ಟು ತೆಳ್ಳಗಿದ್ದಾರೆ. ಬೂಟಿಗೆ ಮಾತ್ರ ಕನ್ನಡಿಯ ಹೊಳಪು. ಪಾಠ ಮಾಡುವಾಗ ನಮ್ಮ ಮುಖ ನೋಡುವುದಿಲ್ಲ, ಆ ಬೂಟಿನ ತುದಿಯನ್ನೇ ನೋಡಿಕೊಂಡು ಮಾತಾಡುತ್ತಾರೆ.

ಓದುತ್ತಿರುವುದು ಯಾವುದೋ ಹಳೆಯ ಕಾಲದ ವಿಚಾರಣೆಯ ಹಾಳೆ. ಒಬ್ಬ ಧಣಿಯ ಹುಲ್ಲಿನ ಬಣವೆ ಸುಟ್ಟುಹೋಗಿದೆ, ಮನೆಗೆಲಸದ ಹೆಂಗಸಿನ ಮೇಲೆ ಆರೋಪ. ಅವಳು ಹೇಳಿದ್ದನ್ನು ಗುಮಾಸ್ತ ಬರೆದುಕೊಂಡಿದ್ದಾನೆ. “ಸದರಿ ಕೆಲಸದಾಕೆಯನ್ನು ಕರೆಸಿ ಕೇಳಲಾಗಿ, ಬಣವೆಗೆ ಬೆಂಕಿ ಹೇಗೆ ಬಿತ್ತೋ ತಾನರಿಯೆನೆಂದಳು. ಮತ್ತೆ ಕೇಳಲಾಗಿ, ತಪ್ಪು ತನ್ನದೇ ಎಂದಳು.” ಕಥೆ ಇಷ್ಟೇ. ಈ ಸೆಮಿಸ್ಟರಿನ ಅರ್ಧಭಾಗ ಇದೇ ನಡೆಯುತ್ತದಂತೆ.

ನನ್ನ ಪಕ್ಕದ ಹುಡುಗ ಕಣ್ಣು ತೆರೆದುಕೊಂಡೇ ನಿದ್ದೆ ಮಾಡುವ ವಿದ್ಯೆ ಕಲಿತಿದ್ದಾನೆ. ಈ ತರಗತಿಯಿಂದ ಯಾರಿಗಾದರೂ ಸಿಕ್ಕಿರುವ ಕೌಶಲ ಅದೊಂದೇ. ವರದಿಗೆ ಬರೆದುಕೊಂಡೆ.

ಆಗಸ್ಟ್ ೧೪, ಬುಧವಾರ

ನಮ್ಮ ಮನೆಯವರು ದಂತವೈದ್ಯರು. ದಿನವಿಡೀ ಬಾಯಿ ಕಳೆದು ಕೂತವರ ಹತ್ತಿರ ತಾವೊಬ್ಬರೇ ಮಾತಾಡಿ ಅಭ್ಯಾಸ, ಮನೆಯಲ್ಲಿ ಎದುರುತ್ತರ ಬಂದರೆ ಗಲಿಬಿಲಿಗೊಳ್ಳುತ್ತಾರೆ. ಊಟದ ಹೊತ್ತಿಗೆ ಬಣವೆಯ ಹೆಂಗಸಿನ ಕಥೆ ಹೇಳಿದೆ, ನಗಲಿ ಎಂದು.

“ಪಾಪ,” ಎಂದರು.

“ಏನು ಪಾಪ? ಸತ್ತು ಯಾವ ಕಾಲವಾಯಿತೋ.”

“ಅವಳಿಗಲ್ಲ. ನಿಂಗೆ.”

ಮತ್ತೆ ತಟ್ಟೆಗೆ ಬಗ್ಗಿದರು.

ಆಗಸ್ಟ್ ೨೨, ಗುರುವಾರ

ಇವತ್ತು ತಡೆಯಲಾಗಲಿಲ್ಲ. ಅಲ್ಪವಿರಾಮದವರು “ಕೇಳಲಾಗಿ” ಎಂಬ ಪದದ ಮುಂದೆ ಎಂದಿನಂತೆ ನಿಂತಿದ್ದರು. ಕೇಳಿದವರು ಯಾರು? ಹೆಸರು ಏಕಿಲ್ಲ? ಕೇಳಿದವನು ಕೂತಿದ್ದನೇ, ನಿಂತಿದ್ದನೇ? ಅವಳು ನೆಲದ ಮೇಲೆ ಇದ್ದಳೇ? ಇಂಥ ತಲೆಬುಡವಿಲ್ಲದ ಪ್ರಶ್ನೆಗಳು. ನಾನು ಹಿಂದಿನಿಂದ ಹೇಳಿದೆ: “ಸಾರ್, ಬಣವೆಗೆ ಯಾರೂ ಬೆಂಕಿ ಹಾಕ್ಬೇಕಾಗಿಲ್ಲ. ಒದ್ದೆ ಹುಲ್ಲು ಒಟ್ಟಿದ್ರೆ ಒಳಗೊಳಗೇ ಕಾವು ಏರಿ ತಾನಾಗೇ ಹೊತ್ತಿಕೊಳ್ಳತ್ತೆ. ಇದು ವಿಜ್ಞಾನ.”

ಪಕ್ಕದ ಹುಡುಗ ನಿಜವಾಗಿಯೂ ಎಚ್ಚರವಾದ.

ಮೇಷ್ಟ್ರು ಮೊದಲ ಸಲ ಬೂಟು ಬಿಟ್ಟು ನನ್ನನ್ನು ನೋಡಿದರು. “ಹೌದಾಮ್ಮಾ? ನನಗೆ ಗೊತ್ತಿರಲಿಲ್ಲ. ಹಾಗಾದ್ರೆ ಅವಳದ್ದು ತಪ್ಪೇ ಇಲ್ಲ.”

“ಇಲ್ಲ.”

“ಮತ್ಯಾಕೆ ತಪ್ಪು ತನ್ನದೇ ಅಂದಳು?”

ಅದು ನನ್ನ ವಿಭಾಗದ ಪ್ರಶ್ನೆಯಲ್ಲ ಎಂದೆ. ಹುಡುಗರು ನಕ್ಕರು. ಆದರೆ ವಾಪಸು ಲ್ಯಾಬಿಗೆ ನಡೆಯುವ ದಾರಿಯುದ್ದಕ್ಕೂ ಅದೇ ತಲೆಯಲ್ಲಿ ಗುಂಯ್‌ಗುಟ್ಟಿತು. ನೊಣದ ಹಾಗೆ. ಈ ವಿಷಯಗಳ ದೋಷವೇ ಇದು, ಉತ್ತರ ಕೊಡುವ ಯೋಗ್ಯತೆ ಇಲ್ಲ, ಪ್ರಶ್ನೆ ಅಂಟಿಸಿ ಕಳಿಸುತ್ತವೆ.

ಆಗಸ್ಟ್ ೩೦, ಶುಕ್ರವಾರ

ಲ್ಯಾಬಿಗೆ ಹೊಸ ಮೆಷಿನ್ ಕೊಡಿಸುವ ಕಂಪನಿಯವರು ಬಂದಿದ್ದರು. ಅವರೆದುರು ಬೀಡುಕಬ್ಬಿಣದ ತುಂಡನ್ನು ಒತ್ತಿ ಮುರಿದು ತೋರಿಸುವುದಿತ್ತು. ಮೆಷಿನ್ನಿನ ಮುಂದೆ ದಪ್ಪ ತಂತಿಯ ಜಾಲರಿ ಇದೆ. ಅದಿದ್ದರೆ ಫೋಟೋ ಚೆನ್ನಾಗಿ ಬರುವುದಿಲ್ಲ ಎಂದು ಡೀನ್ ತೆಗೆಸಿದರು. ಮೆಷಿನ್ ನಡೆಸುವ ಸಹಾಯಕನನ್ನು ಹುಡುಗರು ಸಿಡಿಮದ್ದು ಎನ್ನುತ್ತಾರೆ. ಅವನು ಎಂದಿನಂತೆ ಏನೋ ಗೊಣಗಿದ. ಅವನು ಗೊಣಗದ ದಿನ ನಾನು ಕಂಡಿಲ್ಲ. ಫ್ಯಾನು ತಿರುಗಿದರೂ ಗೊಣಗುತ್ತಾನೆ, ನಿಂತರೂ ಗೊಣಗುತ್ತಾನೆ. ಡೀನ್ ಏನೋ ಚಟಾಕಿ ಹಾರಿಸಿದರು, ಎಲ್ಲರೂ ನಕ್ಕರು, ಅವನು ಬಟನ್ ಒತ್ತಿದ.

ಬೀಡುಕಬ್ಬಿಣ ಒತ್ತಿದರೆ ಬಾಗುವುದಿಲ್ಲ, ಸಿಡಿಯುತ್ತದೆ. ಇದನ್ನು ಪ್ರತಿವರ್ಷ ಮೊದಲ ಪಾಠದಲ್ಲೇ ಹೇಳುತ್ತೇನೆ.

ಚೂರು ಅವನ ಎಡಗಣ್ಣಿಗೆ ಬಿತ್ತು.

ಸೆಪ್ಟೆಂಬರ್ ೨, ಸೋಮವಾರ

ಕಣ್ಣು ಹೋಯಿತು.

ಆಸ್ಪತ್ರೆಗೆ ಹೋಗಿದ್ದೆ, ತರಗತಿ ತಪ್ಪಿತು. ಅವನು ಮಲಗಿದ್ದ. ಹೆಂಡತಿ ಹೊರಗೆ ಬೆಂಚಿನ ಮೇಲೆ ಕೂತಿದ್ದಳು, ಮಡಿಲಲ್ಲಿ ಅವನ ಚಪ್ಪಲಿ.

“ನೀವೂ ಅಲ್ಲೇ ಇದ್ರಂತೆ ಮೇಡಂ?”

“ಇದ್ದೆ.”

“ಏನಾಯ್ತು?”

ಬೀಡುಕಬ್ಬಿಣದ ಗುಣ ವಿವರಿಸಿದೆ. ಒಳಗಿನ ಕಣಗಳು ಹೇಗೆ ಜಾರದೆ ಬಿರಿಯುತ್ತವೆ ಎಂದು ಕೈಯಲ್ಲಿ ತೋರಿಸಿದೆ. ಅವಳು ತಲೆ ಅಲ್ಲಾಡಿಸುತ್ತ ಕೇಳಿಸಿಕೊಂಡಳು. ಅವಳು ಕೇಳಿದ್ದು ಅದನ್ನಲ್ಲ ಎಂದು ಲಿಫ್ಟಿನಲ್ಲಿ ಇಳಿಯುವಾಗ ಹೊಳೆಯಿತು. ಪ್ರಶ್ನೆಯನ್ನು ಸರಿಯಾಗಿ ಕೇಳಿದ್ದರೆ ನಾನೂ ಸರಿಯಾಗಿ ಉತ್ತರಿಸುತ್ತಿದ್ದೆ.

ಸೆಪ್ಟೆಂಬರ್ ೫, ಗುರುವಾರ

ಕೊನೆಗೂ ಎರಡನೆಯ ವಾಕ್ಯಕ್ಕೆ ಬಂದೆವು.

“ಮೊದಲು ಕೇಳಿದಾಗ ಗೊತ್ತಿಲ್ಲ ಅಂದಳು,” ಎಂದರು ಬೂಟಿಗೆ. “ಮತ್ತೆ ಕೇಳಿದಾಗ ತಪ್ಪು ನಂದೇ ಅಂದಳು. ನಡುವೆ ಒಂದು ಚುಕ್ಕಿ ಇದೆ, ಅಷ್ಟೇ. ಆ ಚುಕ್ಕಿಯಲ್ಲಿ ಏನಾಯ್ತು?”

“ಹೊಡೆದಿರ್ತಾರೆ ಸಾರ್.”

“ಇರಬಹುದು. ಬರೆದಿಲ್ಲ. ಇನ್ನೇನಾಗಿರಬಹುದು?”

“ಕೆಲಸದಿಂದ ತೆಗೀತೀವಿ ಅಂದಿರ್ಬಹುದು.”

“ಇರಬಹುದು.”

ಮುಂದಿನ ಸಾಲಿನಲ್ಲಿ ಒಬ್ಬ ಹುಡುಗಿ ಇದ್ದಾಳೆ, ಯಾವಾಗಲೂ ಉಗುರು ಕಚ್ಚುತ್ತಾಳೆ. ಅವಳು ಎದ್ದು ನಿಲ್ಲದೆಯೇ ಹೇಳಿದಳು: “ನಕ್ಕಿರ್ಬಹುದು ಸಾರ್. ಹೊಡೆಯೋದೇನೂ ಬೇಕಾಗಿಲ್ಲ. ಸುತ್ತ ನಿಂತೋರೆಲ್ಲ ಒಟ್ಟಿಗೆ ನಕ್ಕುಬಿಟ್ರೆ ಸಾಕು, ನಮಗೆ ಚೆನ್ನಾಗಿ ಗೊತ್ತಿರೋದೂ ನಮ್ದೇ ತಪ್ಪೇನೋ ಅನ್ಸುತ್ತೆ.”

ನಾನು ಎದ್ದು ಹೊರಗೆ ಬಂದೆ. ಆ ಕೋಣೆಯಲ್ಲಿ ಗಾಳಿಯಾಡುವುದಿಲ್ಲ. ಅದನ್ನೂ ವರದಿಯಲ್ಲಿ ಸೇರಿಸಬೇಕು.

ಸೆಪ್ಟೆಂಬರ್ ೯, ಸೋಮವಾರ

ಡೀನ್ ಕರೆಸಿದರು. ಮೇಜಿನ ಮೇಲೆ ಒಂದು ಹಾಳೆ, ಅದರ ಮೇಲೆ ಪೆನ್ನು, ಮುಚ್ಚಳ ತೆಗೆದೇ ಇಟ್ಟಿದ್ದರು. ಸಹಾಯಕನ ಹೇಳಿಕೆಯಂತೆ. “ಸುರಕ್ಷತಾ ಜಾಲರಿಯನ್ನು ಅಳವಡಿಸಲು ಮರೆತಿರುತ್ತೇನೆ. ಪುನಃ ವಿಚಾರಿಸಲಾಗಿ, ನನ್ನ ಅಜಾಗರೂಕತೆಯೇ ಅಪಘಾತಕ್ಕೆ ಕಾರಣವೆಂದು ಒಪ್ಪಿಕೊಂಡಿರುತ್ತೇನೆ.” ಕೆಳಗೆ ಅವನ ಸಹಿ. ಆಸ್ಪತ್ರೆಯ ಮಂಚದ ಮೇಲೆ ಹಾಕಿಸಿದ್ದು, ಗೆರೆ ಬಿಟ್ಟು ಓರೆಯಾಗಿ ಜಾರಿದೆ. ಅದರ ಕೆಳಗೆ “ನನ್ನ ಸಮಕ್ಷಮ” ಎಂದು ನನ್ನ ಸಹಿಗೆ ಬಿಟ್ಟ ಜಾಗ.

ಸಹಿ ಹಾಕುವುದಕ್ಕೇ ಹೋಗಿದ್ದೆ. ಕಾಗದಪತ್ರದ ಕೆಲಸಗಳನ್ನು ನಾನು ಓದುವುದು ಕಡಿಮೆ, ಸಹಿ ಹಾಕುವುದು ಹೆಚ್ಚು. ಆದರೆ ಪೆನ್ನು ಹಿಡಿದವಳು ಕೇಳಿಬಿಟ್ಟೆ: “ಪುನಃ ಅಂದ್ರೆ?”

“ಏನು ಮೇಡಂ?”

“ಪುನಃ ವಿಚಾರಿಸಲಾಗಿ ಅಂತಿದೆ. ಹಾಗಾದ್ರೆ ಮೊದಲು ವಿಚಾರಿಸಿದಾಗ ಬೇರೇನೋ ಹೇಳಿರ್ಬೇಕಲ್ಲ. ಏನಂದ?”

ಡೀನ್ ನಕ್ಕರು. “ಅಯ್ಯೋ, ನಿಮಗೂ ಅಂಟಿತಾ ಆ ರೋಗ? ಅದು ಆಫೀಸ್ ಭಾಷೆ ಮೇಡಂ. ಎಲ್ಲಾದಕ್ಕೂ ಹಾಗೇ ಬರೆಯೋದು.”

“ಇವನು ‘ಒಪ್ಪಿಕೊಂಡಿರುತ್ತೇನೆ’ ಅನ್ನೋ ಮನುಷ್ಯ ಅಲ್ಲ ಸಾರ್. ‘ಮರೆತಿರುತ್ತೇನೆ’ ಅಂತ ಜನ್ಮದಲ್ಲಿ ಅಂದಿರಲಿಕ್ಕಿಲ್ಲ.”

“ಅವನು ಏನಂತಾನೆ ಅನ್ನೋದು ಈಗ ಮುಖ್ಯ ಅಲ್ಲ. ಆಸ್ಪತ್ರೆ ಖರ್ಚು ನಾವೇ ನೋಡ್ಕೋತಾ ಇದ್ದೀವಿ. ಸಹಿ ಹಾಕಿ, ಹೊಸ ಲ್ಯಾಬಿನ ನಕ್ಷೆ ತೋರಿಸ್ತೀನಿ.”

ಕನ್ನಡಕ ಮರೆತುಬಂದೆ, ಒಂದು ಪ್ರತಿ ಕೊಡಿ, ಮನೆಯಲ್ಲಿ ಓದಿ ನಾಳೆ ಹಾಕುತ್ತೇನೆ ಎಂದೆ. ಕನ್ನಡಕ ನನ್ನ ಮೂಗಿನ ಮೇಲೇ ಇತ್ತು.

ಈಗ ಮನೆಯಲ್ಲಿ ಕೂತು ಹಿಂದಿನ ಪುಟ ತಿರುಗಿಸಿದೆ. ಮೂವತ್ತನೇ ತಾರೀಖಿನದು. “ಏನೋ ಗೊಣಗಿದ” ಎಂದು ಬರೆದಿದ್ದೇನೆ. ಏನೋ ಅಲ್ಲ. ಅವನು ಅಂದದ್ದು, “ಜಾಲರಿ ಹಾಕ್ದೆ ನಾನು ಬಟನ್ ಮುಟ್ಟಲ್ಲ.” ಎರಡು ಸಲ ಅಂದ. “ಏನೋ ಚಟಾಕಿ” ಎಂದು ಬರೆದಿದ್ದೇನೆ. ಡೀನ್ ಅಂದದ್ದು, “ಕಣ್ಣು ಅಷ್ಟೊಂದು ಅಮೂಲ್ಯ ಆಗಿದ್ರೆ ಮನೇಲಿಟ್ಟು ಬಾರಯ್ಯ.” “ಎಲ್ಲರೂ ನಕ್ಕರು” ಎಂದು ಬರೆದಿದ್ದೇನೆ. ಎಲ್ಲರೂ ಎಂದರೆ ಕಂಪನಿಯವರು, ಫೋಟೋದವನು, ಡೀನ್, ನನ್ನ ಸಂಶೋಧನಾ ವಿದ್ಯಾರ್ಥಿಗಳು, ನಾನು.

ದಿನಚರಿಯನ್ನು ಇಷ್ಟು ಒರಟಾಗಿ ಬರೆಯುವವಳು ಪ್ರಯೋಗದ ಟಿಪ್ಪಣಿ ಹೇಗೆ ಬರೆಯುತ್ತಿದ್ದಾಳೋ! ನನ್ನ ವಿದ್ಯಾರ್ಥಿ ಹೀಗೆ ಬರೆದಿದ್ದರೆ ಮುಖಕ್ಕೆ ಎಸೆಯುತ್ತಿದ್ದೆ.

ಸೆಪ್ಟೆಂಬರ್ ೧೦, ಮಂಗಳವಾರ

ಅಲ್ಪವಿರಾಮದವರ ಕೋಣೆಗೆ ಹೋದೆ. ಮೆಟ್ಟಿಲ ಕೆಳಗಿನ ಕೋಣೆ, ತಲೆಯೆತ್ತಿ ನಿಂತರೆ ಹಣೆಗೆ ಬಡಿಯುತ್ತದೆ. ಇಡೀ ಬದುಕು ಇಂಥ ಹಾಳೆಗಳನ್ನು ಓದಿದ ಮನುಷ್ಯ, ಇದಕ್ಕೇನು ಮಾಡಬೇಕೆಂದು ಬಲ್ಲವರಾಗಿರಬೇಕು ಎಂದುಕೊಂಡಿದ್ದೆ. ನನ್ನ ದಡ್ಡತನ.

ಹೇಳಿಕೆಯ ಪ್ರತಿ ಕೊಟ್ಟೆ. ಓದುತ್ತಿದ್ದಂತೆ ಮುಖ ಅರಳಿತು. “ಆಹಾ! ಪುನಃ ವಿಚಾರಿಸಲಾಗಿ! ಅದೇ ರಚನೆ ನೋಡಿ ತಾಯಿ, ಅಕ್ಷರಶಃ ಅದೇ!” ಅಪರೂಪದ ಚಿಟ್ಟೆ ಕಂಡವರ ಸಂತೋಷ.

“ಚೆನ್ನಾಗಿದೆ ಸಾರ್. ಈಗ ಏನು ಮಾಡೋದು?”

“ಏನು ಮಾಡೋದು ಅಂದ್ರೆ?”

“ಆ ಮನುಷ್ಯನ ಕಣ್ಣು ಹೋಗಿದೆ. ಕೆಲಸಾನೂ ಹೋಗುತ್ತೆ. ವಿಚಾರಣೆಗೆ ಹೊರಗಿನಿಂದ ಅಧಿಕಾರಿ ಬರ್ತಾ ಇದ್ದಾರೆ. ನೀವು ಬಂದು ಇದು ಅವನ ಮಾತಲ್ಲ ಅಂತ ಹೇಳ್ತೀರಾ? ಭಾಷೆಯ ಮೇಷ್ಟ್ರು ಹೇಳಿದ್ರೆ ಕೇಳ್ತಾರೆ.”

ಹಾಳೆಯನ್ನು ಮಡಿಚಿ ನನ್ನ ಕಡೆಗೆ ಸರಿಸಿದರು. “ನನ್ನ ಪಿಂಚಣಿ ಕಾಗದ ಡೀನ್ ಮೇಜಿನ ಮೇಲಿದೆ ತಾಯಿ. ನಾನು ಹಳೇ ಕಾಲದವರನ್ನ ಓದೋನು. ಅವರಿಂದ ಯಾರಿಗೂ ತೊಂದರೆ ಇಲ್ಲ.”

ಎದ್ದು ಬಂದೆ. ಹಣೆ ಬಡಿಯಿತು.

ಬಣವೆಯ ಹೆಂಗಸಿಗಾಗಿ ಇಡೀ ಅವಧಿ ಮರುಗಬಲ್ಲ, ಪಕ್ಕದ ಕಟ್ಟಡದವನಿಗಾಗಿ ಕೋಣೆಯಿಂದ ಹೊರಬರಲಾರ. ಇದು ಮಾನವಿಕ! ಇದಕ್ಕಿಂತ ದೊಡ್ಡ ಸಾಕ್ಷಿ ನನ್ನ ವರದಿಗೆ ಇನ್ನೇನು ಬೇಕು? ಆ ವಿಷಯ ಓದಿ ಯಾರೂ ಮನುಷ್ಯರಾಗುವುದಿಲ್ಲ, ಪಾಠ ಮಾಡುವವನೇ ಆಗಿಲ್ಲ. ಈ ವಾಕ್ಯವನ್ನು ಹೀಗೇ ಬರೆಯುತ್ತೇನೆ.

ಸೆಪ್ಟೆಂಬರ್ ೧೧, ಬುಧವಾರ

ಸಹಿಯ ವಿಷಯ ರಾತ್ರಿ ಹೇಳಿದ್ದೆ. ಮನೆಯವರು ಬೆಳಿಗ್ಗೆ ಅಂದರು, “ನೋಡು, ನಿಂಗೆ ಹೇಗೆ ಬೇಕೋ ಹಾಗೆ ಮಾಡು.”

“ಹಾಗಂದ್ರೆ ಮಾಡು ಅಂತಲೋ, ಬೇಡ ಅಂತಲೋ?”

“ಹಾಗಂದ್ರೆ ಹಾಗೇ.”

“ಅಲ್ಲರೀ, ಮೊದಲು ‘ನೋಡು’ ಅಂದ್ರಿ. ಅದ್ಯಾಕೆ ಅಂದ್ರಿ?”

ಕ್ಲಿನಿಕ್ಕಿಗೆ ತಡವಾಯಿತು ಎಂದು ಶೂ ಲೇಸು ಕಟ್ಟದೆಯೇ ಹೊರಟರು. ಬಾಗಿಲಲ್ಲಿ ತಿರುಗಿ, “ಇತ್ತೀಚೆಗೆ ನಿನ್ ಹತ್ರ ಒಂದು ಮಾತಾಡೋಕೂ ಭಯ ಆಗುತ್ತೆ,” ಎಂದರು. ನಾನು ಯಾವಾಗಲೂ ಹೀಗೇ ಇದ್ದೇನೆ. ಅವರು ಕೇಳಿಸಿಕೊಂಡಿಲ್ಲ ಅಷ್ಟೇ.

ಸೆಪ್ಟೆಂಬರ್ ೧೨, ಗುರುವಾರ

ತರಗತಿ ಬಿಟ್ಟು ಸಹಾಯಕನ ಮನೆಗೆ ಹೋದೆ. ಟೈರ್ ರಿಪೇರಿ ಅಂಗಡಿಯ ಮೇಲಿನ ಮನೆ, ರಬ್ಬರಿನ ವಾಸನೆ ಗೋಡೆಯೊಳಗೇ ಸೇರಿಹೋಗಿದೆ. ಕಿಟಕಿಗೆ ಬೆನ್ನು ಮಾಡಿ ಕೂತಿದ್ದ, ಅರ್ಧ ಮುಖಕ್ಕೆ ಪಟ್ಟಿ. ನನ್ನನ್ನು ಕಂಡು ಅಂದ ಮೊದಲ ಮಾತು:

“ಏನ್ ಮೇಡಂ, ಉಳಿದಿರೋ ಕಣ್ಣಿಗೆ ಬಂದ್ರಾ?”

ಕಣ್ಣು ಹೋದರೂ ನಾಲಿಗೆ ಹೋಗಿಲ್ಲ. ಹೆಂಡತಿ “ಸುಮ್ನಿರಿ” ಎಂದು ಗದರಿದಳು, ಕುರ್ಚಿಯ ಮೇಲಿದ್ದ ಬಟ್ಟೆ ತೆಗೆದು ನನಗೆ ಜಾಗ ಮಾಡಿದಳು.

“ಆ ಹಾಳೆಗೆ ಯಾಕೆ ಸಹಿ ಹಾಕಿದೆ?” ಎಂದೆ.

“ಯಾಕೆ ಹಾಕ್ದೆ ಅಂದ್ರೆ? ಡೀನ್ ಸಾಹೇಬ್ರ ಗುಮಾಸ್ತ ಬಂದ. ಏನಾಯ್ತು ಅಂದ, ಹೇಳ್ದೆ. ಬರ್ಕೊಳ್ಳಲೇ ಇಲ್ಲ. ಸಹಿ ಹಾಕಿದ್ರೆ ಆಸ್ಪತ್ರೆದು ನೋಡ್ಕೋತಾರೆ, ಇಲ್ಲಾಂದ್ರೆ ಕೆಲಸಾನೂ ಇಲ್ಲ ಅಂದ. ಆಮೇಲೆ ಇನ್ನೊಂದ್ಸಲ ಏನಾಯ್ತು ಅಂತ ಕೇಳ್ದ. ನನ್ ತಪ್ಪು ಅಂದೆ. ಸಾಕಾ?”

“ಮೊದಲು ಹೇಳಿದ್ದನ್ನ ಈಗ ಹೇಳು. ನಾನು ಬರ್ಕೋತೀನಿ.”

ಇಂಥ ತರಲೆ ಮನುಷ್ಯನನ್ನು ನಾನು ಕಂಡಿಲ್ಲ. “ಜಾಲರಿ ಇಲ್ಲದೆ ಯಂತ್ರ ನಡೆಸಲು ನಿರಾಕರಿಸಿದೆ” ಎಂದು ಬರೆದು ಓದಿ ಹೇಳಿದೆ.

“ನಿರಾಕರಿಸಿದೆ ಅಂತ ನಾನೆಲ್ಲಿ ಅಂದೆ? ಮುಟ್ಟಲ್ಲ ಅಂದೆ.”

“ಎರಡೂ ಒಂದೇ ಅಲ್ವಾ?”

“ಒಂದೇ ಆಗಿದ್ರೆ ನನ್ದೇ ಹಾಕಿ.”

ಹೊಡೆದುಹಾಕಿ “ಮುಟ್ಟಲ್ಲ ಅಂದೆ” ಎಂದು ಬರೆದೆ. “ಅಧಿಕಾರಿಗಳು ಹಾಸ್ಯ ಮಾಡಿದರು” ಎಂದದ್ದಕ್ಕೂ ತಕರಾರು. ಹಾಸ್ಯ ಅಂದರೆ ನನಗೂ ನಗು ಬರಬೇಕಿತ್ತು ಎಂದ. ಡೀನ್ ಅಂದ ಮಾತನ್ನು ಅಂದ ಹಾಗೇ ಹಾಕಿದೆ. ಆಮೇಲೆ “ಅಲ್ಲಿದ್ದವರು ನಕ್ಕರು” ಎಂಬಲ್ಲಿ ನಿಲ್ಲಿಸಿದ.

“ಯಾರ್ಯಾರು?”

ಒಬ್ಬೊಬ್ಬರನ್ನೇ ಬರೆದೆ.

“ನಿಮ್ಮನ್ನ ಬರೀಲಿಲ್ಲ.”

“ಬರೀತಾ ಇದ್ದೀನಿ. ತಾಳು.”

ಬರೆದೆ. ಹೆಂಡತಿ ಎರಡು ಲೋಟ ಚಹಾ ತಂದಳು, ಒಂದು ಗಂಡನಿಗೆ, ಒಂದು ತನಗೆ. ಸ್ವಲ್ಪ ಹೊತ್ತು ಯೋಚಿಸಿ ತನ್ನದನ್ನು ನನ್ನ ಮುಂದೆ ಇಟ್ಟಳು. ಸಕ್ಕರೆ ವಿಪರೀತ. ಪೂರ್ತಿ ಕುಡಿದೆ.

ಸೆಪ್ಟೆಂಬರ್ ೧೬, ಸೋಮವಾರ

ಸಮಿತಿಯ ಸಭೆ. ನನ್ನ ವರದಿಯನ್ನು ಎಲ್ಲರೂ ಹೊಗಳಿದರು. ಕಡ್ಡಾಯ ಮಾನವಿಕ ವಿಷಯ ಮುಂದಿನ ವರ್ಷದಿಂದ ರದ್ದು. ಅದರ ಬದಲು “ಸಂವಹನ ಕೌಶಲ” ಎಂಬ ಎರಡು ದಿನದ ಶಿಬಿರ. ನಾನೂ ಕೈ ಎತ್ತಿದೆ. ಅಭಿಪ್ರಾಯ ಬದಲಾಯಿಸಲು ನನಗೆ ಕಾರಣ ಕಾಣಲಿಲ್ಲ.

ಒಂದೇ ಒಂದು ಕಡೆ ತಡೆದೆ. ನಿರ್ಣಯಕ್ಕೆ “ವಿದ್ಯಾರ್ಥಿಗಳ ಕೋರಿಕೆಯ ಮೇರೆಗೆ” ಎಂದು ಡೀನ್ ಸೇರಿಸಿದ್ದರು. ಯಾವ ವಿದ್ಯಾರ್ಥಿ ಕೋರಿದ, ಯಾವಾಗ, ಯಾರ ಹತ್ತಿರ ಎಂದು ಕೇಳಿದೆ. ಬೇಸರವಾಗಿದೆ ಎಂದವರು ಉಂಟು, ಕೋರಿದವರನ್ನು ನಾನು ಕಂಡಿಲ್ಲ. ಸಭೆ ಅರ್ಧ ಗಂಟೆ ಅಲ್ಲೇ ನಿಂತಿತು. ಕೊನೆಗೆ ಆ ಮಾತು ತೆಗೆದರು. ಚಹಾ ಆರಿತ್ತು, ಎಲ್ಲರೂ ನನ್ನ ಮೇಲೆ ಮುನಿಸಿಕೊಂಡರು. ಇದು ಎಂಜಿನಿಯರಿನ ನಿಖರತೆ, ಬೇರೇನೂ ಅಲ್ಲ.

ಸೆಪ್ಟೆಂಬರ್ ೧೮, ಬುಧವಾರ

ಹೊರಗಿನಿಂದ ಬಂದ ಅಧಿಕಾರಿಗೆ ಎರಡು ಹೇಳಿಕೆಗಳೂ ಸಿಕ್ಕವು, ಡೀನ್ ಬರೆಸಿದ್ದು ಮತ್ತು ನಾನು ಬರೆದದ್ದು. ಮೊದಲನೆಯದರ “ಸಮಕ್ಷಮ” ಖಾಲಿ, ಎರಡನೆಯದರ ಕೆಳಗೆ ನನ್ನ ಸಹಿ. ಆಕೆ ಎರಡನ್ನೂ ಓದಿ ನನ್ನನ್ನು ಕೇಳಿದರು:

“ಇಲ್ಲಿ ನಕ್ಕವರಲ್ಲಿ ನಿಮ್ಮ ಹೆಸರೂ ಇದೆಯಲ್ಲ?”

“ಇದೆ.”

“ಯಾಕೆ ನಕ್ಕಿರಿ?”

ಡೀನ್ ನಕ್ಕರು, ಅದಕ್ಕೆ ನಕ್ಕೆ ಎಂದೆ. ಅದಕ್ಕಿಂತ ಒಳ್ಳೆಯ ಉತ್ತರ ಇದ್ದಿದ್ದರೆ ಕೊಡುತ್ತಿದ್ದೆ. ಆಕೆ ಅದನ್ನು ಹಾಗೇ ಬರೆದುಕೊಂಡರು.

ಹೊರಗೆ ಕಾರಿಡಾರಿನಲ್ಲಿ ಡೀನ್ ಪಕ್ಕಕ್ಕೆ ಬಂದ. ಹಲ್ಲು ಕಚ್ಚಿಕೊಂಡೇ ಮಾತಾಡಿದ. “ಒಂದು ಕಾಗದಕ್ಕೆ ನಿಮ್ಮ ಇಡೀ ಲ್ಯಾಬ್ ಹಾಳು ಮಾಡಿಕೊಂಡ್ರಲ್ಲ. ಆ ಕಪಿ ನಿಮಗೇನಾಗ್ಬೇಕು?”

“ಏನೂ ಆಗ್ಬೇಕಾಗಿಲ್ಲ,” ಎಂದೆ. ಅದು ನಿಜವೇ.

ಅಕ್ಟೋಬರ್ ೪, ಶುಕ್ರವಾರ

ತೀರ್ಮಾನ ಬಂತು. ತಪ್ಪು ಆಡಳಿತದ್ದು. ಸಹಾಯಕರ ಕೆಲಸ ಉಳಿಯಿತು, ಪರಿಹಾರವನ್ನೂ ಕೊಡಬೇಕಂತೆ. ಡೀನ್‌ಗೆ ಒಂದು ಎಚ್ಚರಿಕೆಯ ಪತ್ರ, ಅಷ್ಟೇ. ಅವನ ಕುರ್ಚಿಯ ಒಂದು ಮೊಳೆಯೂ ಸಡಿಲವಾಗಿಲ್ಲ. ನೆಲಮಹಡಿ ಬೇರೆಯವರ ಪಾಲಾಯಿತು, ನನ್ನ ಲ್ಯಾಬಿನ ಉಸ್ತುವಾರಿಯೂ ಹೋಯಿತು. ಬೀಗದ ಕೈಗೊಂಚಲು ಕೊಟ್ಟು ಬಂದೆ. ಕೈಚೀಲ ಹಗುರಾಗಿ ವಿಚಿತ್ರವೆನಿಸುತ್ತದೆ.

ಸ್ಟೋರ್ ರೂಮಿನಲ್ಲಿ ಸಹಾಯಕರು ಸಿಕ್ಕರು. ಮೆಷಿನ್ ನಡೆಸುವಂತಿಲ್ಲ, ಅಲ್ಲಿ ಕೂರಿಸಿದ್ದಾರೆ. ಕಪ್ಪು ಕನ್ನಡಕ ಹಾಕಿಕೊಂಡು ಬೋಲ್ಟುಗಳನ್ನು ಬೆರಳಲ್ಲೇ ಅಳೆದು ಬೇರೆ ಬೇರೆ ಡಬ್ಬಿಗೆ ಹಾಕುತ್ತಿದ್ದರು, ಬೋಲ್ಟುಗಳ ಮೇಲೂ ಗೊಣಗುತ್ತಿದ್ದರು. ಏನಾದರೂ ಹೇಳುತ್ತಾರೇನೋ ಎಂದು ಬಾಗಿಲಲ್ಲಿ ನಿಂತೆ.

“ಮೇಡಂ,” ಎಂದರು, ತಲೆ ಎತ್ತದೆ. “ಆವತ್ತೇ ನೀವು ಬಾಯಿ ಬಿಟ್ಟಿದ್ರೆ ಕಣ್ಣೇ ಉಳೀತಿತ್ತು.”

ಕೃತಜ್ಞತೆ ಎಂಬುದು ಆ ಮನುಷ್ಯರ ಹತ್ತಿರ ಸುಳಿದಿಲ್ಲ. ಉಪಕಾರ ಮಾಡಿದವರ ಮುಖಕ್ಕೆ ಹೀಗೆ ಹೊಡೆಯುವುದೇ?

ದಾರಿಯುದ್ದಕ್ಕೂ ಆ ವಾಕ್ಯವನ್ನು ತಿರುಗಿಸಿ ತಿರುಗಿಸಿ ನೋಡಿದೆ. ಒಂದು ಪದವೂ ಹೆಚ್ಚಿಲ್ಲ.

ಅಕ್ಟೋಬರ್ ೧೭, ಗುರುವಾರ

ಅಲ್ಪವಿರಾಮದವರು ಉಳಿದ ರಜೆಯನ್ನೆಲ್ಲ ಒಟ್ಟಿಗೆ ಹಾಕಿ ಮನೆ ಸೇರಿದ್ದಾರೆ. ಪಿಂಚಣಿ ಕಾಗದಕ್ಕೆ ಡೀನ್ ಸಹಿ ಬಿದ್ದ ಮರುದಿನವೇ. ಹೇಡಿ. ಆದರೆ ಈ ವರ್ಷದ ಹುಡುಗರು ಹಳೆಯ ನಿಯಮದವರು, ಅವರ ತರಗತಿ ಮುಗಿಸಿಕೊಡಲೇಬೇಕು. ಡೀನ್ ನನಗೆ ಆದೇಶ ಕಳಿಸಿದ್ದಾನೆ. ಜೊತೆಗೆ ಕೈಯಲ್ಲಿ ಬರೆದ ಒಂದು ಸಾಲು: “ವಾಕ್ಯಗಳ ಮೇಲೆ ನಿಮಗಿರುವ ಪ್ರೀತಿಯನ್ನು ಗಮನಿಸಿ.”

ಕಾಲೇಜೆಲ್ಲ ನಗುತ್ತಿದೆ. ನಗಲಿ. ಉಳಿದ ಹಾಳೆಗಳನ್ನೆಲ್ಲ ಒಂದೇ ದಿನ ಓದಿಸಿ ಮುಗಿಸಿಬಿಡುತ್ತೇನೆ. ಲೋಹದ ಗುಣ ಕಲಿಸಿದವಳಿಗೆ ಇದೇನು ಮಹಾ.

ಅಕ್ಟೋಬರ್ ೨೧, ಸೋಮವಾರ

ಹೋದೆ. ಅವರು ಬಿಟ್ಟುಹೋದ ಕಟ್ಟಿನ ಮೇಲಿನ ಹಾಳೆ ತೆಗೆದು ಎಲ್ಲರಿಗೂ ಹಂಚಿದೆ. ಯಾವುದೋ ಕಾಲದಲ್ಲಿ ಅಕ್ಷರ ಬಾರದ ಹೆಂಗಸೊಬ್ಬಳು ದೂರದಲ್ಲಿ ದುಡಿಯುತ್ತಿದ್ದ ಗಂಡನಿಗೆ ಬರೆಸಿದ ಕಾಗದ. ಬಹಳ ಚಿಕ್ಕದು. ಇದು ಬೇಗ ಮುಗಿಯುತ್ತದೆ, ಆಮೇಲೆ ಇನ್ನೈದು ಓದಿಸಬಹುದು ಎಂದು ಲೆಕ್ಕ ಹಾಕಿದೆ.

ಉಗುರು ಕಚ್ಚುವ ಹುಡುಗಿಗೆ ಓದಲು ಹೇಳಿದೆ. “ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ, ಮಗು ಚೆನ್ನಾಗಿತ್ತು, ಮಾಡು ಸೋರುವುದಿಲ್ಲ...” ರೈಲು ಓಡಿದ ಹಾಗೆ ಓದಿದಳು. ಮತ್ತೆ ಓದು ಎಂದೆ. ಮತ್ತೆ ಹಾಗೇ ಓದಿದಳು. ಈ ಕಾಲದ ಮಕ್ಕಳಿಗೆ ಕಣ್ಣಿದೆ, ನೋಟವಿಲ್ಲ.

“ಏನು ಓದಿದೆ?”

“ಎಲ್ಲಾರೂ ಚೆನ್ನಾಗಿದ್ದಾರೆ ಅಂತ ಮೇಡಂ.”

“ಎಲ್ಲಾರೂ?”

ಹಾಳೆ ನೋಡಿದಳು. ಹಿಂದಿನ ಬೆಂಚಿನ ನಿದ್ದೆಯ ಹುಡುಗ ಅಂದ, “ಅಕ್ಷರ ತಪ್ಪಿರ್ಬೇಕು ಮೇಡಂ. ಚೆನ್ನಾಗಿದೆ ಅಂತ ಬರೀಬೇಕಿತ್ತು. ಬರ್ಕೊಟ್ಟೋನು ಚೆನ್ನಾಗಿತ್ತು ಅಂತ ಬರೆದುಬಿಟ್ಟಿದ್ದಾನೆ.”

“ತಪ್ಪು ಅಂತ ನಿಂಗೆ ಹೇಗೆ ಗೊತ್ತು? ಅವಳು ಹೇಳಿದ್ದೇ ಹಾಗಿದ್ರೆ?”

ಹುಡುಗಿ ಬಾಯಿಂದ ಉಗುರು ತೆಗೆದಳು. “ಹೇಳೋಕಾಗ್ದೆ ಹಾಗೆ ಹೇಳಿಸಿದ್ದಾಳೆ ಅಂತೀರಾ ಮೇಡಂ?”

“ನಾನೇನೂ ಅಂತಿಲ್ಲ. ಹಾಳೆ ಏನನ್ನುತ್ತೆ ನೋಡು.”

ಒಬ್ಬ ಅಲ್ಲ ಎಂದ, ಒಬ್ಬಳು ಹೌದು ಎಂದಳು. ಬುದ್ಧಿಯಿಲ್ಲದ ವಾದ, ಆಧಾರವಿಲ್ಲದ ಊಹೆ, ಒಬ್ಬರ ಮಾತಿನ ಮೇಲೆ ಇನ್ನೊಬ್ಬರು. ಸುಮ್ಮನಿರಿ, ಒಂದೊಂದೇ ಪದ ಹಿಡಿದು ಬನ್ನಿ ಎಂದು ಮೇಜು ಕುಟ್ಟಿದೆ.

ಗಂಟೆ ಹೊಡೆಯಿತು. ಯಾರೂ ಕದಲಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಎಲ್ಲರೂ ಎದ್ದು ಓಡಿದರು, ಬೆಂಚುಗಳನ್ನು ಒರಟಾಗಿ ಸರಿಸಿಕೊಂಡು, ಮುಂದಿನ ತಿಂಡಿಯ ಮಾತಾಡಿಕೊಂಡು. ಕೂತಿದ್ದವಳು ನಾನೊಬ್ಬಳೇ. ಕಾಗದದ ಕೊನೆಯ ತುಂಡು ಬಾಕಿ ಇತ್ತು. “ಬರುವಾಗ ತೊಟ್ಟಿಲಿಗೆ ಹಗ್ಗ ತರುವುದು ಬೇಡ.”

ಅದನ್ನು ಕೇಳದೆಯೇ ಹೋದರು, ಕತ್ತೆಗಳು.